ಏಳು ಮನೆಯವರು ಹೊರಹೋಗುವ ಕ್ರಮ

ನಮ್ಮ ಕಟ್ಟಡದಲ್ಲಿ ಒಬ್ಬ ವಕೀಲರಿದ್ದರು. ಅವರು ವಕೀಲರಲ್ಲ ಎಂಬುದೊಂದನ್ನು ಬಿಟ್ಟರೆ ಅವರಲ್ಲಿ ಬೇರೆ ಕೊರತೆ ಇರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದರು. ಬಂದ ಕಾಗದದಲ್ಲಿ ಸಹಿ ಇದೆಯೇ, ತಾರೀಕು ಇದೆಯೇ ಎಂದು ನೋಡಿ, ಮೊಹರು ಹೊಡೆದು, ಆವಕ ಸಂಖ್ಯೆ ಹಾಕಿ, ಸಂಬಂಧಪಟ್ಟವರಿಗೆ ಕಳಿಸುವುದು. ಇಪ್ಪತ್ತೆರಡು ವರ್ಷ ಅದೊಂದೇ ಕೆಲಸ. ಒಳಗೆ ಏನು ಬರೆದಿದೆ ಎಂದು ಓದುವುದು ಅವರ ಕೆಲಸವಲ್ಲ, ಓದುತ್ತಲೂ ಇರಲಿಲ್ಲ.

ಈ ಮನುಷ್ಯ ವಕೀಲರಾದದ್ದು ಮೆಟ್ಟಿಲ ದೀಪದಿಂದ. ದೀಪ ಕೆಟ್ಟು ಮೂರು ತಿಂಗಳಾಗಿತ್ತು. ಏಳು ಮನೆಯವರೂ ಸೇರಿ ಮಾಲೀಕರ ಬಾಗಿಲಿಗೆ ಹೋದೆವು. ಹೋಗುವಾಗ ಎಲ್ಲರೂ ಹುಲಿಗಳೇ. ಬಾಗಿಲು ತೆರೆದಾಗ ಮಾತ್ರ ಆರು ಜನ ಹೇಗೋ ಹಿಂದಾಗಿ, ಟಪಾಲು ಗುಮಾಸ್ತರು ಒಬ್ಬರೇ ಮುಂದೆ ಉಳಿದರು. ನಾನು ಹಿಂದಿನ ಆರರಲ್ಲಿ ಒಬ್ಬ. ನೆಲಮಹಡಿಯಲ್ಲಿ ವಾಚ್ ರಿಪೇರಿ ಮಾಡಿಕೊಂಡಿರುವವನು, ನನಗೇಕೆ ಊರ ಉಸಾಬರಿ?

ದೀಪ ಹಾಕಿಸುವುದು ಮಾಲೀಕರ ಕರ್ತವ್ಯ, ಅದಕ್ಕೆ ಕಾನೂನಿದೆ ಎಂದರು ಗುಮಾಸ್ತರು. ಮಾಲೀಕರ ಅಳಿಯ ನಿಜವಾದ ವಕೀಲ. ಅವನು ಕುರ್ಚಿಯಿಂದ ಏಳದೆಯೇ ಕೇಳಿದ, "ಕಾನೂನು ಮಾತಾಡೋಕೆ ನೀವೇನು ವಕೀಲರೇನ್ರೀ?"

"ಅಲ್ಲ. ಆಗ್ತೀನಿ. ಈ ವರ್ಷವೇ ಲಾ ಕಾಲೇಜು ಸೇರ್ತಿದೀನಿ."

ಈ ಮಾತು ಅವರ ಬಾಯಿಂದ ಬಂದಾಗ ಅತ್ಯಂತ ಆಶ್ಚರ್ಯಗೊಂಡವರು ಅವರೇ. ಆದರೆ ಆಡಿದ ಮಾತು, ಒಡೆದ ಮುತ್ತು. ಮರುದಿನ ದೀಪ ಹತ್ತಿತು. ಅವತ್ತಿನಿಂದ ನಾವು ಅವರನ್ನು ವಕೀಲರೇ ಎಂದು ಕರೆಯಲು ಶುರುಮಾಡಿದೆವು. ಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಪಾಪ, ಅವರು ಅದನ್ನು ನಂಬಿಬಿಟ್ಟರು. ನಲವತ್ತಾರನೇ ವಯಸ್ಸಿನಲ್ಲಿ ಸಂಜೆ ಕಾಲೇಜಿನ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದರು. ಅವರ ಹೆಂಡತಿಯನ್ನು ನಾವೆಲ್ಲ ಅತ್ತಿಗೆ ಎನ್ನುತ್ತಿದ್ದೆವು. ಅತ್ತಿಗೆ ಹೇಳಿದ್ದು ಒಂದೇ ಮಾತು: "ಒಂದು ಬಲ್ಬಿಗೆ ಇಷ್ಟೊಂದು ಖರ್ಚು ಯಾರೂ ಮಾಡಿರಲ್ಲ ಬಿಡಿ."

ಪರೀಕ್ಷೆಯಲ್ಲಿ ಭಾಷೆ ಇತ್ತು, ಸಾಮಾನ್ಯ ಜ್ಞಾನ ಇತ್ತು. ಅವು ಹೇಗೋ ಸಾಗಿದವು. ದೋಣಿ ಮುಳುಗಿದ್ದು ತರ್ಕದ ವಿಭಾಗದಲ್ಲಿ, ಅದರಲ್ಲೂ ಸರದಿ ಹಚ್ಚುವ ಲೆಕ್ಕದಲ್ಲಿ. 'ಪಿ, ಕ್ಯೂ, ಆರ್, ಎಸ್, ಟಿ, ಯು, ವಿ ಎಂಬ ಏಳು ಜನ ಒಂದು ಕಟ್ಟಡದಿಂದ ಒಬ್ಬರ ನಂತರ ಒಬ್ಬರು ಹೊರಹೋಗುತ್ತಾರೆ. ಪಿ ಹೋಗುವುದು ಕ್ಯೂಗಿಂತ ಮೊದಲು. ಆರ್ ಹೋದ ಕೂಡಲೇ ಎಸ್ ಹೋಗಕೂಡದು. ಟಿ ನಾಲ್ಕನೆಯವನಾದರೆ ವಿ ಕೊನೆಯವನು. ಹಾಗಾದರೆ ಮೊದಲು ಹೋಗುವವರು ಯಾರು?' ಒಂದೂವರೆ ನಿಮಿಷದಲ್ಲಿ ಉತ್ತರ ಬರಬೇಕು. ನಮ್ಮ ವಕೀಲರಿಗೆ ಒಂದೂವರೆ ನಿಮಿಷದಲ್ಲಿ ಕನ್ನಡಕ ಸಿಗುತ್ತಿರಲಿಲ್ಲ.

ತರಬೇತಿ ತರಗತಿಗೆ ಸೇರಿದರು. ಪಾಠ ಹೇಳುವವರು ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೊದಲ ದಿನವೇ ಇವರು ಕೈ ಎತ್ತಿದರಂತೆ.

"ಆರ್ ಹೋದ ಕೂಡಲೇ ಎಸ್ ಯಾಕೆ ಹೋಗಬಾರದು ಸಾರ್?"

"ಅದು ಷರತ್ತು ಸಾರ್."

"ಷರತ್ತು ಸರಿ. ಇಬ್ಬರಿಗೂ ಮನಸ್ತಾಪ ಏನಾದ್ರೂ ಇದೆಯಾ?"

"ಕಾರಣ ಕೇಳಬೇಡಿ ಸಾರ್. ಸರದಿ ಮಾತ್ರ ನೋಡಿ."

"ಕಾರಣ ಕೇಳದೆ ಕಾನೂನು ಓದೋದು ಹೇಗೆ ಸಾರ್?"

ಪಾಠದವರು ಸೀಮೆಸುಣ್ಣದ ತುಂಡನ್ನು ಮೇಜಿನ ಮೇಲಿಟ್ಟು, ಎರಡು ಕ್ಷಣ ಕಣ್ಣು ಮುಚ್ಚಿ, ಒಂದು ಉಪಾಯ ಹೇಳಿಕೊಟ್ಟರು. ಅಕ್ಷರ ನೆನಪಿರದಿದ್ದರೆ ಅಕ್ಷರದ ಜಾಗದಲ್ಲಿ ಗೊತ್ತಿರುವ ಜನರನ್ನು ಹಾಕಿಕೊಳ್ಳಿ, ಮುಖ ನೆನಪಿರುತ್ತದೆ ಎಂದು. ನಮ್ಮೆಲ್ಲರ ಶನಿ ಶುರುವಾದದ್ದು ಆ ಸೀಮೆಸುಣ್ಣದ ತುಂಡಿನಿಂದ. ವಕೀಲರಿಗೆ ಗೊತ್ತಿದ್ದ ಏಳು ಮುಖ ಯಾವುವು? ಟೈಲರ್, ಬಸ್ ಡ್ರೈವರ್, ನಿವೃತ್ತ ಮೇಷ್ಟ್ರು, ವಾಚಿನವನಾದ ನಾನು, ನರ್ಸಮ್ಮ, ಸಂಗೀತದ ಟೀಚರ್. ಏಳನೆಯದು ಕನ್ನಡಿಯಲ್ಲಿ ಕಂಡ ಮುಖ.

ಇದೇ ಹೊತ್ತಿಗೆ ಕಟ್ಟಡದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಮಾಲೀಕರು ಒಬ್ಬ ಅಪರಿಚಿತರನ್ನು ಕರೆತಂದು, ಟೇಪು ಹಿಡಿಸಿ, ಗೋಡೆಯನ್ನು ಅಡ್ಡಕ್ಕೂ ಉದ್ದಕ್ಕೂ ಅಳೆಸಿ ಹೋಗಿದ್ದರು. ಕಟ್ಟಡ ಕೆಡವುತ್ತಾರೆ, ಹೊಸದು ಕಟ್ಟುತ್ತಾರೆ, ನಮ್ಮನ್ನೆಲ್ಲ ಎಬ್ಬಿಸುತ್ತಾರೆ ಎಂಬ ಗುಸುಗುಸು ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದರೆ ನಿಜವಾಗಿಬಿಟ್ಟೀತು ಎಂಬ ಭಯ.

ಇಂಥ ಕಾಲದಲ್ಲಿ ವಕೀಲರು ಪರೀಕ್ಷೆಗೆ ಹಾಕಿಕೊಂಡು ಹೋಗಲು ಒಂದು ಪ್ಯಾಂಟನ್ನು ಸೊಂಟ ಬಿಡಿಸಲೆಂದು ಟೈಲರಿಗೆ ಕೊಟ್ಟರು. ಟೈಲರ್ ಜೇಬಿಗೆ ಕೈ ಹಾಕಿದ. ಮಡಿಸಿದ ಕಾಗದ ಸಿಕ್ಕಿತು. ವಕೀಲರು ಮನೆಯ ಹಾಲಿನ ಲೆಕ್ಕವನ್ನೂ ಕಚೇರಿ ಶೈಲಿಯಲ್ಲಿ ಬರೆಯುವವರು. ಮೇಲೆ ವಿಷಯ, ಬಲಕ್ಕೆ ತಾರೀಕು, ಕೆಳಗೆ ಎರಡು ಗೆರೆ.

'ವಿಷಯ: ಏಳು ಮನೆಯವರು ಕಟ್ಟಡದಿಂದ ಹೊರಹೋಗುವ ಕ್ರಮ. 1. ಟೈಲರ್. 2. ಡ್ರೈವರ್. 3. ಮೇಷ್ಟ್ರು. 4. ವಾಚಿನವರು. 5. ನರ್ಸ್. 6. ಸಂಗೀತ. 7. ನಾನು. ಷರತ್ತು: ಮೇಷ್ಟ್ರು ಹೋದ ಕೂಡಲೇ ನರ್ಸ್ ಹೋಗಕೂಡದು. ಇದೇ ಅಂತಿಮ.'

ಟೈಲರ್ ಒಂದು ಕೈಯಲ್ಲಿ ಪ್ಯಾಂಟು, ಒಂದು ಕೈಯಲ್ಲಿ ಕಾಗದ ಹಿಡಿದು ನನ್ನ ಅಂಗಡಿಗೆ ಓಡಿಬಂದ. "ನೋಡಣ್ಣಾ, ನೋಡು! ಮೊದಲು ನಾನಂತೆ! ನೀನು ನಾಲ್ಕನೆಯವನು. ತಾನು ಮಾತ್ರ ಕೊನೆಗೆ! ಮಾಲೀಕರು ಇವರ ಕೈಲಿ ಪಟ್ಟಿ ಮಾಡಿಸಿದ್ದಾರೆ."

ನಾನು ಕಣ್ಣಿಗೆ ಹಚ್ಚಿಕೊಂಡಿದ್ದ ಭೂತಗನ್ನಡಿಯಿಂದಲೇ ಕಾಗದ ನೋಡಿದೆ. ನಾಲ್ಕನೆಯವನು ಎಂಬುದು ದೊಡ್ಡದಾಗಿ ಕಂಡಿತು. ಒಂದನೆಯವನಲ್ಲ ಎಂದು ಸಮಾಧಾನವಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಆ ಸಮಾಧಾನವೇ ಬೀಜ.

ಹತ್ತು ನಿಮಿಷದಲ್ಲಿ ಕಾಗದ ಮೊದಲ ಮಹಡಿ ತಲುಪಿತು. ಅಲ್ಲಿ ಮೇಷ್ಟ್ರ ಹೆಂಡತಿ ಸರದಿಯನ್ನು ನೋಡಲೇ ಇಲ್ಲ. ಅವರ ಕಣ್ಣು ಷರತ್ತಿನ ಮೇಲೆ ನಿಂತಿತು.

"ಯಾಕೆ ಹೋಗಕೂಡದು?" ಎಂದರು.

"ಏನೇ?" ಎಂದರು ಮೇಷ್ಟ್ರು.

"ನೀವು ಹೋದ ಕೂಡಲೇ ನರ್ಸ್ ಯಾಕೆ ಹೋಗಕೂಡದು ಅಂತ ವಕೀಲರಂಥ ವಕೀಲರು ಬರೆದಿಟ್ಟಿದ್ದಾರೆ. ಬೆಂಕಿ ಇಲ್ಲದೆ ಹೊಗೆ ಆಡತ್ತಾ? ಯಾವಾಗಿಂದ ನಡೀತಿದೆ ಇದು?"

"ನನಗೆ ಎಪ್ಪತ್ತೊಂದು ವಯಸ್ಸು ಕಣೇ. ಬಿಪಿ ನೋಡಿಸಿಕೊಳ್ಳೋಕೆ ಹೋಗಿದ್ದೆ ಅಷ್ಟೆ."

"ಎಷ್ಟು ಸಲ?"

ಮೇಷ್ಟ್ರು ಪ್ರಾಮಾಣಿಕರು. ಲೆಕ್ಕ ಹಾಕಲು ಹೋದರು. ಅಷ್ಟು ಹೊತ್ತು ಸುಮ್ಮನಿದ್ದದ್ದೇ ತಪ್ಪೊಪ್ಪಿಗೆಯಾಯಿತು. ಪಕ್ಕದ ಮನೆಯಿಂದ ನರ್ಸಮ್ಮ ಹೊರಗೆ ಬಂದು, ಇನ್ನು ಮುಂದೆ ಈ ಕಟ್ಟಡದಲ್ಲಿ ಯಾರ ಬಿಪಿಯನ್ನೂ ನೋಡುವುದಿಲ್ಲ, ಏರಿದರೆ ಏರಲಿ ಎಂದು ಬಾಗಿಲು ಹಾಕಿಕೊಂಡರು.

ಸಂಜೆ ವಕೀಲರು ಕಚೇರಿಯಿಂದ ಬಂದಾಗ ಮೆಟ್ಟಿಲ ಮೇಲೆ ಆರು ಮನೆಯವರು ಕಾಯುತ್ತಿದ್ದೆವು.

"ಅಯ್ಯೋ, ಅದು ಪರೀಕ್ಷೆ ಲೆಕ್ಕ!" ಎಂದರು. "ಅಕ್ಷರದ ಬದಲು ನಿಮ್ಮನ್ನ ಹಾಕ್ಕೊಂಡೆ, ಅಷ್ಟೆ."

"ಹಾಗಾದ್ರೆ ನನ್ನ ಮೊದಲು ಯಾಕೆ ಹಾಕಿದ್ರಿ?" ಎಂದ ಟೈಲರ್.

"ನಾನು ಹಾಕಲಿಲ್ಲಪ್ಪ. ಷರತ್ತು ಹಾಗಿತ್ತು. ಷರತ್ತು ಬೇರೆ ಇದ್ರೆ ಸರದಿ ಬೇರೆ ಬರತ್ತೆ. ನನ್ನ ಕೈಲಿ ಏನೂ ಇಲ್ಲ."

ಲೋಕದಲ್ಲಿ ನಿಜ ಹೇಳುವುದಕ್ಕೂ ಒಂದು ರೀತಿ ಇದೆ. ಇದು ಆ ರೀತಿಯಲ್ಲ. 'ನನ್ನ ಕೈಲಿ ಏನೂ ಇಲ್ಲ' ಎಂದವರ ಕೈಯಲ್ಲೇ ಎಲ್ಲ ಇರುತ್ತದೆ ಎಂಬುದು ಕಚೇರಿ ಅಲೆದವರಿಗೆಲ್ಲ ಗೊತ್ತು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಷರತ್ತು ಬೇರೆ ಇದ್ದರೆ ಸರದಿ ಬೇರೆ ಬರುತ್ತದಂತೆ. ಅಂದರೆ ಷರತ್ತು ಕೊಡಬೇಕು, ಅಷ್ಟೇ ತಾನೆ?

ಮರುದಿನ ಬೆಳಿಗ್ಗೆ ಮೊದಲು ಹೋದವನು ಟೈಲರ್. ಪ್ಯಾಂಟಿನ ಸೊಂಟವನ್ನು ಕೂಲಿ ಇಲ್ಲದೆ ಬಿಡಿಸಿ ತಂದಿದ್ದ. "ಯಾವಾಗಾದ್ರೂ ಕಳಿಸಿ ವಕೀಲ್ರೇ, ಮೊದಲು ಮಾತ್ರ ಬೇಡ. ಹದಿನೆಂಟು ಜನರ ಬಟ್ಟೆ ಅರ್ಧಂಬರ್ಧ ಕತ್ತರಿಸಿಟ್ಟಿದೀನಿ." ಡ್ರೈವರ್ ಬಂದ. "ಸಂಗೀತದ ಟೀಚರ್ ಹೋದ ಮೇಲೆ ನನ್ನ ಕಳಿಸಿ. ಹನ್ನೊಂದು ವರ್ಷದಿಂದ ಅವರ ಸರಿಗಮ ಕೇಳಿದೀನಿ. ಒಂದು ಬೆಳಿಗ್ಗೆಯಾದ್ರೂ ಈ ಮನೇಲಿ ನಿದ್ದೆ ಮಾಡಿ ಹೋಗ್ಬೇಕು." ಸಂಗೀತದ ಟೀಚರ್, ಶ್ರುತಿ ಕೂಡಿದ ಗೋಡೆಗಳನ್ನು ಬಿಟ್ಟು ಮೊದಲು ಹೋಗಲಾರೆ ಎಂದು ಅತ್ತರು. ನರ್ಸಮ್ಮ, ಮೊದಲಂತೂ ಬೇಡ, ಮೇಷ್ಟ್ರ ಮನೆಯವರ ಹಿಂದೆ ಮುಂದೆಯೂ ಬೇಡ ಎಂದರು. ಮೇಷ್ಟ್ರ ಪರವಾಗಿ ಅವರ ಹೆಂಡತಿ ಬಂದರು.

"ನರ್ಸಿಗಿಂತ ಮೊದಲು ನಾವು ಹೋಗಲ್ಲ. ಅವಳೇ ಗೆದ್ದ ಹಾಗಾಗತ್ತೆ."

"ಹಾಗಾದ್ರೆ ಆಮೇಲೆ."

"ಆಮೇಲೂ ಹೋಗಲ್ಲ. ಅವಳ ಹಿಂದೆ ಹೋದ್ರು ಅಂತಾರೆ ಜನ."

"ಹಿಂದೂ ಇಲ್ಲ, ಮುಂದೂ ಇಲ್ಲ ಅಂದ್ರೆ ಹೇಗಮ್ಮ?"

"ಅದನ್ನ ನೋಡೋಕೇ ತಾನೇ ನೀವು ಕಾನೂನು ಓದ್ತಿರೋದು?"

ಕೊನೆಗೆ ನಾನೂ ಹೋದೆ. ನನ್ನ ಅಜ್ಜ ಇಟ್ಟ ಅಂಗಡಿ, ಗಿರಾಕಿಗಳು ಇದೇ ಬಾಗಿಲು ಹುಡುಕಿಕೊಂಡು ಬರುತ್ತಾರೆ ಎಂದೆಲ್ಲ ಹೇಳಿ, "ಮೊದಲು ನಾನು ಬೇಡ" ಎಂದೆ.

ವಕೀಲರು ಸೋತುಹೋಗಿದ್ದರು. ಎದುರಿಗೆ ತೆರೆದ ಪುಸ್ತಕ, ಪರೀಕ್ಷೆಗೆ ಹನ್ನೊಂದೇ ದಿನ. ಬಾಯಲ್ಲಿ ಹೇಳಿದರೆ ಯಾರೂ ಬಿಡುತ್ತಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಆಗ ಎದ್ದು ಕುಳಿತಿತು. "ಬರೆದು ಕೊಡಿ," ಎಂದರು. "ಸಹಿ ಹಾಕಿ. ತಾರೀಕು ಹಾಕಿ." ಬರೆದುಕೊಂಡರೆ ಜನ ಸುಮ್ಮನಾಗುತ್ತಾರೆ ಎಂಬುದು ಅವರ ಕಚೇರಿಯ ಅನುಭವ. ನಿಜಕ್ಕೂ ನಾವು ಸುಮ್ಮನಾದೆವು. ಆರು ಅರ್ಜಿ ಬಂದವು. ಆರಕ್ಕೂ ಮೇಲೆ ಎಡಗಡೆ ಆವಕ ಸಂಖ್ಯೆ ಬಿತ್ತು. ನನ್ನದು ಆರು. ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಈಗ ಒಂದು ತೊಡಕು ಬಂತು. ಸಂಖ್ಯೆ ಬಿದ್ದ ಕಾಗದವನ್ನು ಟಪಾಲು ಗುಮಾಸ್ತರಾದವರು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಸಂಬಂಧಪಟ್ಟವರಿಗೆ ಕಳಿಸಲೇಬೇಕು. ಎರಡು ದಿನ ಆ ಕಾಗದಗಳು ಮೇಜಿನ ಮೇಲಿದ್ದವು. ಎರಡು ದಿನವೂ ವಕೀಲರು ಅನ್ನ ಸರಿಯಾಗಿ ನುಂಗಲಿಲ್ಲ. ಮೂರನೆಯ ದಿನ ಆರನ್ನೂ ಪೋಣಿಸಿ, ಮೇಲೊಂದು ಪತ್ರ ಬರೆದು, ಮಾಲೀಕರ ಮನೆಗೆ ಹೊರಟರು.

"ರೀ, ಹುತ್ತಕ್ಕೆ ಕೈ ಹಾಕ್ತಿದೀರಿ," ಎಂದರು ಅತ್ತಿಗೆ. "ಒಲೆಗೆ ಹಾಕಿ ಅದನ್ನ."

"ಆವಕ ಆದ ಕಾಗದಾನ ಒಲೆಗಾ? ನೀನು ಸುಮ್ಮನಿರು. ಅವರು ಓದ್ತಾರೆ, ನಗ್ತಾರೆ, 'ಹಾಗೇನೂ ಇಲ್ಲ' ಅಂತ ಒಂದು ಮಾತು ಹೇಳ್ತಾರೆ. ಎಲ್ಲರಿಗೂ ನೆಮ್ಮದಿ. ನಾನು ಕೂತು ಓದ್ತೀನಿ."

ಮಾಲೀಕರು ಓದಿದರು. ನಗಲಿಲ್ಲ. ಅಳಿಯನನ್ನು ಕರೆದು ಅವನಿಗೂ ಓದಿಸಿದರು. ಅಳಿಯ ಈ ಸಲ ಕುರ್ಚಿಯಿಂದ ಎದ್ದು ನಿಂತು ನಮ್ಮ ವಕೀಲರಿಗೆ ಕೂರಲು ಕುರ್ಚಿ ಕೊಟ್ಟನಂತೆ. ಟೀ ಕೊಟ್ಟರಂತೆ. ವಕೀಲರು ಖುಷಿಯಾಗಿ ಮನೆಗೆ ಬಂದು ಎರಡು ಗಂಟೆ ಓದಿದರು.

ಪರೀಕ್ಷೆಗೆ ಎರಡು ದಿನ ಇರುವಾಗ ಮಾಲೀಕರು ಮೆಟ್ಟಿಲ ಬುಡದಲ್ಲಿ ನಿಂತು ಎಲ್ಲರನ್ನೂ ಕರೆದರು. ಕೈಯಲ್ಲಿ ಅದೇ ಕಡತ.

"ಮೂರು ವರ್ಷದಿಂದ ಈ ಕಟ್ಟಡ ಕೆಡವಬೇಕು ಅಂತಿದೀನಿ," ಎಂದರು. ಧ್ವನಿಯಲ್ಲಿ ಅಷ್ಟು ಪ್ರೀತಿಯನ್ನು ನಾವು ಹಿಂದೆಂದೂ ಕೇಳಿರಲಿಲ್ಲ. "ಬಾಯಿ ಬಂದಿರಲಿಲ್ಲ. ಒಬ್ಬರನ್ನ ಏಳಿ ಅಂದ್ರೆ ಏಳು ಮನೆಯವರೂ ಒಟ್ಟಿಗೆ ಬಂದು ನಿಲ್ತಿದ್ರಿ. ದೀಪದ ದಿನ ನೋಡಿದ್ದೆನಲ್ಲ. ಈಗ ನೀವೇ ದೊಡ್ಡ ಮನಸ್ಸು ಮಾಡಿ ಬರೆದು ಕೊಟ್ಟಿದ್ದೀರಿ. ಹೋಗೋಕೆ ಯಾರದೂ ತಕರಾರಿಲ್ಲ, ಸರದಿ ಬಗ್ಗೆ ಮಾತ್ರ ಕೋರಿಕೆ. ತಿಂಗಳಿಗೆ ಒಂದು ಮನೆ. ಆರು ಜನರ ಮಾತಿಗೂ ನಾನು ಬೆಲೆ ಕೊಡ್ತೀನಿ. ಸರದಿ ಮಾತ್ರ ನಮಗೆ ಬಿಡಿಸೋಕೆ ಆಗ್ತಿಲ್ಲ. ವಕೀಲರೇ, ನೀವೇ ಒಂಚೂರು ನೋಡಿ."

ಯಾರಾದರೂ ಮಾತಾಡಬೇಕಿತ್ತು. ನಾವು ಬರೆದದ್ದು ಹಾಗಲ್ಲ ಎನ್ನಬೇಕಿತ್ತು. ಆದರೆ ಒಬ್ಬೊಬ್ಬರ ತಲೆಯಲ್ಲೂ ಒಂದೇ ಹುಳ ಕೊರೆಯುತ್ತಿತ್ತು: ಮೊದಲು ಯಾರು? ಅಷ್ಟರಲ್ಲಿ ವಕೀಲರ ಕೈಗೆ ಕಡತ ಬಂದಿತ್ತು. ಅವರು ಮೆಟ್ಟಿಲ ಮೇಲೆ ಕುಳಿತು, ಕಿವಿಯಿಂದ ಪೆನ್ಸಿಲ್ ತೆಗೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ತಾವು ಮೊಹರು ಹೊಡೆಯುವ ಜಾತಿಯ ಕಾಗದವನ್ನು ಒಳಗಿನಿಂದ ಓದಿದರು.

"ಆವಕ ಒಂದು, ಟೈಲರ್. ಮೊದಲಲ್ಲ. ಸರಿ. ಎರಡು, ಡ್ರೈವರ್. ಸಂಗೀತದವರಾದ ಮೇಲೆ, ಅಂದ್ರೆ ಮೊದಲಲ್ಲ. ಮೂರು, ಸಂಗೀತದವರು. ಮೊದಲಲ್ಲ. ನಾಲ್ಕು, ನರ್ಸಮ್ಮ. ಅವರೂ ಅಲ್ಲ. ಐದು, ಮೇಷ್ಟ್ರು. ಇದು ತುಂಬ ಕಠಿಣ, ಆದ್ರೂ ಮೊದಲಂತೂ ಅಲ್ಲ. ಆರು, ವಾಚಿನವರು. ಮೊದಲಲ್ಲ." ಅವರ ಮುಖ ಬೆಳಗತೊಡಗಿತು. ಪೆನ್ಸಿಲ್ ಮೇಲಕ್ಕೆ ಹೋಯಿತು. "ಆರು ಜನ ಮೊದಲಲ್ಲ ಅಂದ್ರೆ ಏಳನೆಯವನೇ ಮೊದಲು! ಬೇರೆ ದಾರೀನೇ ಇಲ್ಲ. ಒಂದೇ ಉತ್ತರ! ಎಷ್ಟು ಹೊತ್ತಾಯ್ತು? ಒಂದು ನಿಮಿಷ ಆಯ್ತಾ?"

"ಐವತ್ತು ಸೆಕೆಂಡು," ಎಂದೆ ನಾನು. ಕೈಯಲ್ಲಿ ವಾಚು ಇತ್ತು, ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.

ಅವರು ನಗುನಗುತ್ತ ನಮ್ಮೆಲ್ಲರ ಮುಖ ನೋಡಿದರು. ಶಭಾಷ್ ಎನ್ನುತ್ತೇವೆ ಎಂದುಕೊಂಡಿದ್ದರೋ ಏನೋ. ಮೂರನೆಯ ಮಹಡಿಯ ಕಟಕಟೆ ಹಿಡಿದು ನಿಂತಿದ್ದ ಅತ್ತಿಗೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ ಸದ್ದಿಗೆ ವಕೀಲರಿಗೆ ಏಳನೆಯವನು ಯಾರೆಂದು ಗೊತ್ತಾಯಿತು.

"ನಾನು ಅರ್ಜಿ ಕೊಡಲಿಲ್ಲ," ಎಂದರು ಮೆಲ್ಲಗೆ.

"ಅದೇ ನಿಮ್ಮ ದೊಡ್ಡತನ," ಎಂದರು ಮಾಲೀಕರು. "ಒಂದನೇ ತಾರೀಕು ಆಗಬಹುದಲ್ಲ?"

ಆರು ಜನ ಅವತ್ತು ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ ಮಾಲೀಕರು ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತಿದ್ದರು. ಇದು ನನಗೆ ಗೊತ್ತು, ಟೈಲರಿಗೆ ಗೊತ್ತು, ಮೇಷ್ಟ್ರಿಗಂತೂ ಚೆನ್ನಾಗಿ ಗೊತ್ತು. ಮೇಷ್ಟ್ರು ಮೇಲಕ್ಕೆ ನೋಡಿ ದೀಪ ಚೆನ್ನಾಗಿ ಉರಿಯುತ್ತಿದೆ ಎಂದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಆಮೇಲೆ ಎಲ್ಲರೂ ಅವರವರ ಮನೆಗೆ ಹೋದೆವು.

ಭಾನುವಾರ ವಕೀಲರು ಸೊಂಟ ಬಿಡಿಸಿದ ಪ್ಯಾಂಟು ಹಾಕಿಕೊಂಡು ಪರೀಕ್ಷೆಗೆ ಹೋಗಿ ಬಂದರು. ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ಕೇಳುವ ಮುಖ ಯಾರಿಗಿತ್ತು?

ಒಂದನೇ ತಾರೀಕು ಸಣ್ಣ ಲಾರಿ ಬಂತು. ಅಂಗಡಿಯೊಳಗೆ ಕೂರಲಾಗದೆ ನಾನು ಹೋಗಿ ಪೆಟ್ಟಿಗೆ ಇಳಿಸಲು ಕೈ ಜೋಡಿಸಿದೆ. ಉಳಿದ ಐದು ಮನೆಗಳ ಬಾಗಿಲು ಮುಚ್ಚಿತ್ತು. ಪುಸ್ತಕದ ರಟ್ಟಿನ ಡಬ್ಬವನ್ನು ನಾನೊಂದು ಕಡೆ, ಅವರೊಂದು ಕಡೆ ಹಿಡಿದು ಇಳಿಯುವಾಗ ಅವರೇ ಮಾತು ತೆಗೆದರು.

"ಪರೀಕ್ಷೇಲಿ ಅದೇ ಲೆಕ್ಕ ಬಂದಿತ್ತು ಕಣ್ರೀ. ಏಳು ಜನ, ಹೊರಹೋಗೋದು. ಐದು ಅಂಕ."

"ಬಿಡಿಸಿದ್ರಾ?"

"ನಿಮ್ಮನ್ನೆಲ್ಲ ಹಾಕ್ಕೊಂಡೆ. ಬೇಗ ಬಂತು ಉತ್ತರ. ವಾಚಿನವರು ಮೊದಲು ಅಂತ ಬಂತು."

"ಸರಿ ಮತ್ತೆ, ಬರೆದ್ರಿ ತಾನೆ?"

"ಕೈ ಬರಲಿಲ್ಲ. ನೀವು ಸಹಿ ಹಾಕಿ ಕೊಟ್ಟಿದ್ರಲ್ಲ, ಮೊದಲು ಬೇಡ ಅಂತ." ಅವರು ಡಬ್ಬವನ್ನು ಎದೆಗೆ ಸರಿಮಾಡಿಕೊಂಡರು. "ನಿಮ್ಮನ್ನ ಕೊನೆಗೆ ಹಾಕಿ ಬಂದೆ."

ಡಬ್ಬವನ್ನು ಲಾರಿಗೆ ಏರಿಸಿದೆವು. ಲಾರಿಯ ಮುಂದಿನ ಸೀಟಿನಲ್ಲಿ ಅತ್ತಿಗೆ ನಮ್ಮ ಕಡೆ ತಿರುಗಿಯೂ ನೋಡದೆ ಕುಳಿತಿದ್ದರು. ವಕೀಲರು ಪಕ್ಕಕ್ಕೆ ಹತ್ತಿ, ಕೈ ಬೀಸಿ ಹೋದರು. ಬೀದಿಯ ತಿರುವಿನಲ್ಲಿ ಲಾರಿ ಮರೆಯಾಗುವವರೆಗೂ ನಿಂತಿದ್ದು ಒಳಗೆ ಬಂದೆ.

ಟೈಲರನ ಅಂಗಡಿಯ ಬಾಗಿಲು ಈಗ ತೆರೆದಿತ್ತು. ಒಳಗೆ ಐದೂ ಮನೆಯವರು ಸೇರಿದ್ದರು. ಮೇಷ್ಟ್ರ ಹೆಂಡತಿ, ನರ್ಸಮ್ಮ ಇಬ್ಬರೂ ಒಂದೇ ಬೆಂಚಿನ ಮೇಲೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ಕಾಗದ, ಅದರ ಕೆಳಗೆ ಐದು ಸಹಿ. ಶಾಯಿ ಇನ್ನೂ ಒಣಗಿರಲಿಲ್ಲ. ನನ್ನನ್ನು ಕಂಡು ಟೈಲರ್ ಅದರ ಮೇಲೆ ಅಳತೆ ಪಟ್ಟಿ ಎಳೆದ. ಆದರೂ ಮೇಷ್ಟ್ರ ದುಂಡು ಅಕ್ಷರ ಕಂಡೇ ಕಂಡಿತು: 'ಎರಡನೆಯವರು ನಾವಲ್ಲ.'

"ನಿನ್ನನ್ನೂ ಕರೀಬೇಕಿತ್ತಣ್ಣಾ," ಎಂದ ಟೈಲರ್, ಕತ್ತರಿಯನ್ನು ನೋಡುತ್ತ. "ಆದ್ರೆ ನೀನು ಸಾಮಾನು ಇಳಿಸೋಕೆ ಹೋಗಿದ್ದೆ."